ಅರಮನೆಯ ಬಾಗಿಲಿಗೆ ಹೊಸ ಹೆಸರು

ಬ್ರಿಟನ್ನಿನ ಅರಮನೆ 2025ರ ಅಕ್ಟೋಬರ್ 30ರಂದು ಒಂದು ಚಿಕ್ಕ ಪ್ರಕಟಣೆ ಹೊರಡಿಸಿತು. ದೊರೆ ಮೂರನೇ ಚಾರ್ಲ್ಸ್ ಅವರ ತಮ್ಮನಿಗೆ ಇನ್ನು ರಾಜಕುಮಾರನೆಂಬ ಬಿರುದು ಇರುವುದಿಲ್ಲ, ಅವರು ಆಂಡ್ರ್ಯೂ ಮೌಂಟ್‌ಬ್ಯಾಟನ್ ವಿಂಡ್ಸರ್ ಎಂಬ ಹೆಸರಿನಿಂದ ಪರಿಚಿತರಾಗುತ್ತಾರೆ ಎಂಬುದು ಅದರ ಸಾರಾಂಶ. ಬಿರುದು ಏಕೆ ಹೋಯಿತೆಂಬುದು ಜಗತ್ತಿಗೆ ಗೊತ್ತಿರುವ ಸಂಗತಿ. ಅದು ಈ ಲೇಖನದ ವಿಷಯವಲ್ಲ. ನನ್ನ ಗಮನ ಸೆಳೆದದ್ದು ಬಿರುದು ಕಳೆದ ಮೇಲೆ ಉಳಿದ ಆ ಎರಡು ಮನೆತನದ ಹೆಸರುಗಳು. ಮೌಂಟ್‌ಬ್ಯಾಟನ್, ವಿಂಡ್ಸರ್ ಎರಡೂ ಕಿವಿಗೆ ನೂರಾರು ವರ್ಷಗಳ ಇಂಗ್ಲಿಷ್ ಹೆಸರುಗಳಂತೆಯೇ ಕೇಳಿಸುತ್ತವೆ. ಆದರೆ ಈ ಬಂಧುವರ್ಗದ ಮನೆತನದ ಹೆಸರುಗಳಾಗಿ ಎರಡೂ ಹುಟ್ಟಿದ್ದು 1917ರ ಜುಲೈ ತಿಂಗಳಿನಲ್ಲಿ, ಒಂದೇ ವಾರದೊಳಗೆ, ಒಂದೇ ಭಯದಿಂದ.

ರಾಜವಂಶ ಎಂದೊಡನೆ ನಮ್ಮ ಕಣ್ಣೆದುರಿಗೆ ಬರುವುದು ತಲೆಮಾರಿನಿಂದ ತಲೆಮಾರಿಗೆ ಹರಿದುಬಂದ ರಕ್ತದ ಅಖಂಡ ಧಾರೆ. ವಂಶದ ಹೆಸರು ಆ ಧಾರೆಯ ಗುರುತು ಎಂದು ನಾವು ಭಾವಿಸುತ್ತೇವೆ. ಇತಿಹಾಸದ ಪುಟಗಳು ಬೇರೆಯೇ ಕಥೆ ಹೇಳುತ್ತವೆ. ರಕ್ತ ಅದೇ ಇದ್ದು ಹೆಸರು ಬದಲಾದ ನಿದರ್ಶನಗಳಿವೆ. ಧಾರೆ ಬತ್ತಿಹೋದ ಮೇಲೂ ಹೆಸರು ಉಳಿದ ನಿದರ್ಶನಗಳೂ ಇವೆ. ಅರಸುಮನೆ ತನ್ನ ಹೆಸರನ್ನು ಯಾವಾಗ ಬದಲಿಸುತ್ತದೆ, ಯಾವಾಗ ಬಿಗಿಯಾಗಿ ಹಿಡಿದುಕೊಳ್ಳುತ್ತದೆ ಎಂಬುದನ್ನು ಗಮನಿಸಿದರೆ, ಆ ಅರಸು ಯಾರಿಗೆ ಅಂಜುತ್ತಿದ್ದ, ಯಾರ ಒಪ್ಪಿಗೆಯನ್ನು ಬಯಸುತ್ತಿದ್ದ ಎಂಬುದು ಸ್ಪಷ್ಟವಾಗುತ್ತದೆ.

ಮೊದಲನೆಯದಾಗಿ, ಯುರೋಪಿನ ಅರಸರಿಗೆ ನಮ್ಮ ನಿಮ್ಮಂತೆ ಅಡ್ಡಹೆಸರಿನ ಅಗತ್ಯವೇ ಇರಲಿಲ್ಲ. ಹೆಸರಿನ ಮುಂದೆ ಒಂದು ಸಂಖ್ಯೆ, ಹಿಂದೆ ಒಂದು ರಾಜ್ಯ ಇದ್ದರೆ ಸಾಕಾಗಿತ್ತು. ವಂಶನಾಮವೆಂಬುದು ಹೆಚ್ಚಾಗಿ ತಂದೆಯ ಕಡೆಯ ಮೂಲಸ್ಥಾನವನ್ನೋ, ಹಿರಿಯನೊಬ್ಬನ ಹುದ್ದೆಯನ್ನೋ ಸೂಚಿಸುವ ಗುರುತಾಗಿತ್ತು. ಸ್ಕಾಟ್ಲೆಂಡಿನ ಸ್ಟೂವರ್ಟ್ ವಂಶವನ್ನೇ ನೋಡಿ. ಹನ್ನೆರಡನೆಯ ಶತಮಾನದಲ್ಲಿ ಈ ಮನೆತನದ ಹಿರಿಯನೊಬ್ಬ ಅಲ್ಲಿನ ದೊರೆಯ ಅರಮನೆಯ ಮೇಲ್ವಿಚಾರಕ, ಅಂದರೆ ಸ್ಟೂವರ್ಡ್, ಆಗಿದ್ದ. ಹುದ್ದೆ ವಂಶಪಾರಂಪರ್ಯವಾಯಿತು, ಹುದ್ದೆಯ ಹೆಸರೇ ಮನೆತನದ ಹೆಸರಾಯಿತು. 1371ರಲ್ಲಿ ಆ ಮನೆತನದವನೇ ಎರಡನೇ ರಾಬರ್ಟ್ ಎಂಬ ಹೆಸರಿನಲ್ಲಿ ಸಿಂಹಾಸನವೇರಿದ. ಫ್ರಾನ್ಸಿನಲ್ಲಿ ಬೆಳೆದ ರಾಣಿ ಮೇರಿಯ ಕಾಲಕ್ಕೆ ಕಾಗುಣಿತವೂ ಫ್ರೆಂಚರ ಬಾಯಿಗೆ ತಕ್ಕಂತೆ ಬದಲಾಯಿತು. ಅರಮನೆಯ ಲೆಕ್ಕ ನೋಡುತ್ತಿದ್ದವರ ಹುದ್ದೆ ಹೀಗೆ ಎರಡು ರಾಜ್ಯಗಳ ರಾಜವಂಶದ ಹೆಸರಾಯಿತು.

ಸ್ಟೂವರ್ಟರ ಕೊನೆಯ ರಾಣಿ ಆ್ಯನ್ 1714ರಲ್ಲಿ ತೀರಿಕೊಂಡಾಗ, 1701ರ ಕಾಯಿದೆಯಂತೆ ಕ್ಯಾಥೊಲಿಕ್ ಬಂಧುಗಳನ್ನೆಲ್ಲ ಬದಿಗಿಟ್ಟು ಜರ್ಮನಿಯ ಹ್ಯಾನೋವರಿನ ಜಾರ್ಜ್‌ನನ್ನು ಕರೆತರಲಾಯಿತು. ಸಿಂಹಾಸನ ಯಾರಿಗೆ ಎಂಬುದನ್ನು ಪಾರ್ಲಿಮೆಂಟು ನಿರ್ಧರಿಸಿತ್ತು. ಆದರೂ ವಂಶದ ಹೆಸರು ಮಾತ್ರ ಹ್ಯಾನೋವರ್ ಎಂದೇ ಉಳಿಯಿತು. ಅದೇ ವಂಶದ ವಿಕ್ಟೋರಿಯ 1840ರಲ್ಲಿ ಸ್ಯಾಕ್ಸ್-ಕೋಬರ್ಗ್-ಗೋಥಾ ಮನೆತನದ ಆಲ್ಬರ್ಟ್‌ನನ್ನು ಮದುವೆಯಾದಳು. ಅರವತ್ಮೂರು ವರ್ಷಗಳಿಗೂ ಹೆಚ್ಚು ಕಾಲ ಆಳಿದವಳು ಅವಳು. ಆದರೂ 1901ರಲ್ಲಿ ಅವಳ ಮಗ ಏಳನೇ ಎಡ್ವರ್ಡ್ ಪಟ್ಟಕ್ಕೆ ಬಂದಾಗ ವಂಶ ಬದಲಾಯಿತೆಂದು ಎಣಿಸಲಾಯಿತು, ಏಕೆಂದರೆ ಅವನ ತಂದೆಯ ಮನೆತನ ಬೇರೆ. ಯಾರೂ ಇದಕ್ಕೆ ಆಕ್ಷೇಪವೆತ್ತಲಿಲ್ಲ. ಅರಸರು ಅರಸರೊಡನೆಯೇ ವ್ಯವಹರಿಸುತ್ತಿದ್ದ ಆ ಕಾಲದಲ್ಲಿ ಉದ್ದನೆಯ ವಿದೇಶೀ ಹೆಸರು ಅವಮಾನವಾಗಿರಲಿಲ್ಲ, ಆಸ್ತಿಯಾಗಿತ್ತು. ಯುರೋಪಿನ ಅರ್ಧ ಸಿಂಹಾಸನಗಳೊಂದಿಗೆ ನೆಂಟಸ್ತಿಕೆಯಿದೆ ಎಂಬುದಕ್ಕೆ ಅದು ಪ್ರಮಾಣಪತ್ರವಾಗಿತ್ತು.

ಮೊದಲನೆಯ ಮಹಾಯುದ್ಧ ಆ ಪ್ರಮಾಣಪತ್ರವನ್ನೇ ಆರೋಪಪಟ್ಟಿಯನ್ನಾಗಿ ಪರಿವರ್ತಿಸಿತು. 1911ರಲ್ಲಿ ದೆಹಲಿ ದರ್ಬಾರಿಗೆ ಬಂದು ಹೋಗಿದ್ದ ಐದನೇ ಜಾರ್ಜ್ ಮತ್ತು ಜರ್ಮನಿಯ ಕೈಸರ್ ಎರಡನೇ ವಿಲ್ಹೆಲ್ಮ್ ಇಬ್ಬರೂ ವಿಕ್ಟೋರಿಯಳ ಮೊಮ್ಮಕ್ಕಳು. ಯುದ್ಧ ಆರಂಭವಾದ ಮೂರು ತಿಂಗಳೊಳಗೆ ಮೊದಲ ಬಲಿ ಬಿದ್ದಿತು. ಬ್ರಿಟಿಷ್ ನೌಕಾಪಡೆಯ ಅತ್ಯುನ್ನತ ಹುದ್ದೆಯಲ್ಲಿದ್ದ ರಾಜಕುಮಾರ ಲೂಯಿ ಬ್ಯಾಟನ್‌ಬರ್ಗ್ ಹದಿನಾಲ್ಕನೆಯ ವಯಸ್ಸಿನಲ್ಲಿ, 1868ರಲ್ಲಿ, ಬ್ರಿಟಿಷ್ ಪ್ರಜೆಯಾಗಿ ಆ ಪಡೆಗೆ ಸೇರಿದ್ದವನು. ನಲವತ್ತಾರು ವರ್ಷಗಳ ಸೇವೆ ಅವನ ನೆರವಿಗೆ ಬರಲಿಲ್ಲ. ಜರ್ಮನ್ ಹೆಸರಿನವನ ಕೈಯಲ್ಲಿ ನೌಕಾಪಡೆಯೇ ಎಂದು ಪತ್ರಿಕೆಗಳೂ ಜನರೂ ಕೂಗೆಬ್ಬಿಸಿದರು. 1914ರ ಅಕ್ಟೋಬರಿನಲ್ಲಿ ಅವನು ರಾಜೀನಾಮೆ ಕೊಟ್ಟ.

1915ರ ಮೇ ತಿಂಗಳಲ್ಲಿ ಲುಸಿಟೇನಿಯ ಎಂಬ ಪ್ರಯಾಣಿಕರ ಹಡಗನ್ನು ಜರ್ಮನ್ ಜಲಾಂತರ್ಗಾಮಿಯೊಂದು ಮುಳುಗಿಸಿದಾಗ ಲಿವರ್‌ಪೂಲ್, ಮ್ಯಾಂಚೆಸ್ಟರ್, ಲಂಡನ್ನುಗಳಲ್ಲಿ ಗಲಭೆಗಳಾದವು. ಜರ್ಮನ್ ಹೆಸರಿನ ಫಲಕವಿದ್ದ ರೊಟ್ಟಿ ಅಂಗಡಿ, ಮಾಂಸದ ಅಂಗಡಿಗಳ ಮೇಲೆ ಗುಂಪುಗಳು ನುಗ್ಗಿದವು. ಅಂಗಡಿಯವನು ಎಷ್ಟು ವರ್ಷಗಳಿಂದ ಆ ಬೀದಿಯಲ್ಲಿದ್ದಾನೆ, ಅವನ ಮಗ ಯಾವ ಸೈನ್ಯದಲ್ಲಿ ಹೋರಾಡುತ್ತಿದ್ದಾನೆ ಎಂಬುದನ್ನು ಕಲ್ಲು ಹಿಡಿದವರು ಕೇಳಲಿಲ್ಲ. ಹೆಸರೊಂದೇ ಸಾಕ್ಷಿಯಾಗಿತ್ತು.

ಅರಮನೆಗೆ ನಿಜವಾದ ಆತಂಕ ತಟ್ಟಿದ್ದು 1917ರಲ್ಲಿ. ಆ ವರ್ಷದ ಮಾರ್ಚಿಯಲ್ಲಿ ರಷ್ಯದ ಝಾರ್ ಎರಡನೇ ನಿಕೊಲಸ್ ಸಿಂಹಾಸನ ತ್ಯಜಿಸಿದ. ಅವನೂ ಜಾರ್ಜ್‌ನೂ ಅಕ್ಕತಂಗಿಯರ ಮಕ್ಕಳು, ಮುಖಚಹರೆಯಲ್ಲಿ ಅವಳಿಗಳಂತಿದ್ದವರು. ಝಾರನ ಕುಟುಂಬಕ್ಕೆ ಆಶ್ರಯ ಕೊಡಲು ಬ್ರಿಟಿಷ್ ಸರ್ಕಾರ ಮೊದಲು ಒಪ್ಪಿತ್ತು. ಆ ಆಹ್ವಾನ ಜಾರಿಯಾಗದಂತೆ ಒತ್ತಡ ಹೇರಿದವನು ಸ್ವತಃ ಜಾರ್ಜ್. ರಕ್ತಸಂಬಂಧ ಈಗ ಅಪಾಯದ ವಸ್ತುವಾಗಿತ್ತು. ಜೂನ್ 13ರಂದು ಜರ್ಮನ್ ವಿಮಾನಗಳು ಹಾಡಹಗಲೇ ಲಂಡನ್ನಿನ ಮೇಲೆ ಬಾಂಬು ಸುರಿಸಿದವು. 162 ಜನ ಸತ್ತರು. ಪಾಪ್ಲರ್ ಎಂಬಲ್ಲಿನ ಶಾಲೆಯೊಂದರಲ್ಲಿಯೇ 18 ಮಕ್ಕಳು ಪ್ರಾಣ ಕಳೆದುಕೊಂಡರು. ಆ ವಿಮಾನಗಳ ಹೆಸರು ಗೋಥಾ. ಅವು ತಯಾರಾದ ಪಟ್ಟಣದ ಹೆಸರೂ, ಇಂಗ್ಲೆಂಡಿನ ರಾಜವಂಶದ ಹೆಸರಿನ ಕೊನೆಯ ಪದವೂ ಅದೇ.

ಹೆಸರು ಬದಲಿಸಬೇಕೆಂಬ ತೀರ್ಮಾನವಾದಾಗ ಒಂದು ವಿಚಿತ್ರ ತೊಡಕು ಎದುರಾಯಿತು. ಬದಲಿಸಬೇಕಾದ ಹೆಸರು ಯಾವುದು? ವಂಶಾವಳಿಗಳ ತಜ್ಞರನ್ನು ಕೇಳಿದರೆ ಅವರಿಗೂ ಖಚಿತವಿರಲಿಲ್ಲ. ಸ್ಯಾಕ್ಸ್-ಕೋಬರ್ಗ್-ಗೋಥಾ ಎಂಬುದು ಸಂಸ್ಥಾನಗಳ ಹೆಸರು. ದೊರೆಯ ಅಡ್ಡಹೆಸರು ಬಹುಶಃ ವೆಟ್ಟಿನ್, ಇಲ್ಲವೇ ವಿಪ್ಪರ್ ಇರಬಹುದು ಎಂಬ ಉತ್ತರ ಬಂತು. ಕೋಟ್ಯಂತರ ಪ್ರಜೆಗಳ ಚಕ್ರವರ್ತಿಗೆ ತನ್ನ ಅಡ್ಡಹೆಸರೇ ತಿಳಿದಿರಲಿಲ್ಲ! ಹೊಸ ಹೆಸರಿಗಾಗಿ ಯಾರ್ಕ್, ಲ್ಯಾಂಕಾಸ್ಟರ್, ಪ್ಲಾಂಟಾಜೆನೆಟ್, ಫಿಟ್ಸ್‌ರಾಯ್ ಮುಂತಾದವು ಪರಿಶೀಲನೆಗೆ ಬಂದವು. ಒಂದೊಂದಕ್ಕೂ ಒಂದೊಂದು ಹಳೆಯ ಹಗೆಯ, ಹಳೆಯ ಕಳಂಕದ ನೆನಪು ಅಂಟಿಕೊಂಡಿತ್ತು. ಕೊನೆಗೆ ವಿಂಡ್ಸರ್ ಎಂಬ ಹೆಸರನ್ನು ಸೂಚಿಸಿದವನು ದೊರೆಯ ಖಾಸಗಿ ಕಾರ್ಯದರ್ಶಿ ಲಾರ್ಡ್ ಸ್ಟ್ಯಾಂಫರ್ಡ್‌ಹ್ಯಾಂ. ಅದು ಯಾವ ಪೂರ್ವಜನ ಹೆಸರೂ ಅಲ್ಲ, ಒಂದು ಕೋಟೆಯ ಹೆಸರು. ಜಯಶಾಲಿ ವಿಲಿಯಂ ಕಟ್ಟಿಸಲು ಆರಂಭಿಸಿದ ಆ ಕೋಟೆ ಪ್ರತಿಯೊಬ್ಬ ಇಂಗ್ಲಿಷ್ ಪ್ರಜೆಗೂ ಪರಿಚಿತ. ಉತ್ತಮ ಅಧಿಕಾರಿಯ ಉತ್ತಮ ಟಿಪ್ಪಣಿ ಎಂದರೆ ಇದೇ: ಒಂದೇ ಪದ, ಮತ್ತಾವ ಪ್ರಶ್ನೆಗೂ ಆಸ್ಪದವಿಲ್ಲ.

ಜುಲೈ 17ರಂದು ಹೊರಟ ರಾಜಘೋಷಣೆ ಎರಡು ಕೆಲಸ ಮಾಡಿತು. ಮನೆತನಕ್ಕೂ ಕುಟುಂಬಕ್ಕೂ ವಿಂಡ್ಸರ್ ಎಂಬ ಹೆಸರಿಟ್ಟಿತು; ಜರ್ಮನ್ ಬಿರುದುಗಳನ್ನೆಲ್ಲ ತ್ಯಜಿಸಿತು. ಬಂಧುಗಳೂ ಅದೇ ದಾರಿ ಹಿಡಿದರು. ರಾಣಿ ಮೇರಿಯ ತವರಿನ ಟೆಕ್ ಮನೆತನದವರು ಕೇಂಬ್ರಿಜ್ ಆದರು. ಬ್ಯಾಟನ್‌ಬರ್ಗ್ ಎಂಬ ಪದದ ಕೊನೆಯಲ್ಲಿದ್ದ ಜರ್ಮನ್ ಬೆಟ್ಟವನ್ನು ಇಂಗ್ಲಿಷಿಗೆ ತಂದು ಮೊದಲಿಗಿಟ್ಟು ಮೌಂಟ್‌ಬ್ಯಾಟನ್ ಮಾಡಲಾಯಿತು. ಅಂದು ಹದಿನೇಳು ವರ್ಷದ ಹುಡುಗನಾಗಿದ್ದ, ಲೂಯಿಯ ಕಿರಿಯ ಮಗನೇ ಮೂವತ್ತು ವರ್ಷಗಳ ನಂತರ ನಮ್ಮ ಕೊನೆಯ ವೈಸ್‌ರಾಯ್ ಆಗಿ ದೆಹಲಿಗೆ ಬಂದವನು. ಇನ್ನು ಬ್ಯಾಟನ್‌ಬರ್ಗ್ ಎಂಬುದಾದರೂ ಬಹು ಹಳೆಯದೇ? ಹೆಸ್ ಸಂಸ್ಥಾನದ ರಾಜಕುಮಾರನೊಬ್ಬ 1851ರಲ್ಲಿ ಅಂತಸ್ತಿಗೆ ಕಡಿಮೆಯಾದ ಹೆಣ್ಣನ್ನು ಮದುವೆಯಾದ ಕಾರಣ, ಅವಳಿಗೂ ಅವಳ ಮಕ್ಕಳಿಗೂ ಮನೆತನದ ಹೆಸರು ದೊರೆಯದಂತೆ ಒಂದು ಸಣ್ಣ ಊರಿನ ಹೆಸರು ಕೊಟ್ಟು ಸಮಾಧಾನಪಡಿಸಲಾಗಿತ್ತು. ಹೀಗೆ ಮೌಂಟ್‌ಬ್ಯಾಟನ್ ಎಂಬುದು ಅರುವತ್ತಾರು ವರ್ಷಗಳಲ್ಲಿ ಎರಡು ಸಲ ಕೃತಕವಾಗಿ ಹುಟ್ಟಿದ ಹೆಸರು.

ಹೆಸರು ಬದಲಿಸುವುದರಿಂದ ಆಗುವ ಲಾಭ ಎಲ್ಲ ಬಂಧುಗಳಿಗೂ ದಕ್ಕಲಿಲ್ಲ. ಚಾರ್ಲ್ಸ್ ಎಡ್ವರ್ಡ್ ಎಂಬುವನು ವಿಕ್ಟೋರಿಯಳ ಇನ್ನೊಬ್ಬ ಮೊಮ್ಮಗ. ಇಂಗ್ಲೆಂಡಿನಲ್ಲಿ ಹುಟ್ಟಿ, ಈಟನ್ನಿನಲ್ಲಿ ಓದುತ್ತಿದ್ದ ಆ ಬಾಲಕನನ್ನು ಕೋಬರ್ಗಿನ ಗಾದಿಗೆ ವಾರಸುದಾರ ಬೇಕೆಂದು ಹಿರಿಯರೇ ಜರ್ಮನಿಗೆ ಕಳುಹಿಸಿದ್ದರು. ಯುದ್ಧದಲ್ಲಿ ಅವನು ಜರ್ಮನಿಯ ಪಕ್ಷ ಹಿಡಿದ. 1917ರಲ್ಲಿ ಇದಕ್ಕಾಗಿಯೇ ಮಾಡಿದ ಕಾಯಿದೆಯ ಅನ್ವಯ 1919ರಲ್ಲಿ ಅವನ ಬ್ರಿಟಿಷ್ ಬಿರುದುಗಳು ಹೋದವು. ಮುಂದೆ ಅವನು ನಾಝಿ ಪಕ್ಷವನ್ನೂ ಸೇರಿದ. ಒಂದೇ ಅಜ್ಜಿಯ ಇಬ್ಬರು ಮೊಮ್ಮಕ್ಕಳಲ್ಲಿ ಒಬ್ಬ ವಿಂಡ್ಸರ್ ಆದ, ಇನ್ನೊಬ್ಬ ಕೋಬರ್ಗ್ ಆಗಿಯೇ ಉಳಿದ.

ಈ ಪ್ರಕರಣದಲ್ಲಿ ಹೆಚ್ಚಾಗಿ ಚರ್ಚೆಗೆ ಬಾರದ ಮತ್ತೊಂದು ಮುಖವಿದೆ. ಬ್ರಿಟನ್ನಿನಲ್ಲಿ ನೆಲೆಸಿದ್ದ ಶತ್ರುದೇಶಗಳ ಸಾಮಾನ್ಯ ಪ್ರಜೆಗಳು ತಮ್ಮ ಹೆಸರು ಬದಲಿಸಿಕೊಳ್ಳಕೂಡದೆಂಬ ನಿರ್ಬಂಧ, ದೊರೆ ತನ್ನ ಹೆಸರು ಬದಲಿಸುವುದಕ್ಕೆ ಮೊದಲೇ ಜಾರಿಯಲ್ಲಿತ್ತು. 1919ರ ಕಾಯಿದೆ ಕೆಲವು ವಿನಾಯಿತಿಗಳೊಡನೆ ಅದನ್ನು ಎಲ್ಲ ವಿದೇಶೀಯರಿಗೂ ವಿಸ್ತರಿಸಿತು. 1971ರವರೆಗೂ ಅದು ಉಳಿದುಕೊಂಡಿತ್ತು. ಆಡಳಿತದ ದೃಷ್ಟಿಯಿಂದ ಇದಕ್ಕೆ ಕಾರಣವಿಲ್ಲದಿಲ್ಲ. ಗೂಢಚಾರನೊಬ್ಬ ಹೆಸರಿನ ಹಿಂದೆ ಅಡಗಬಾರದು ಎಂಬುದು ಯುದ್ಧಕಾಲದ ಯಾವ ಸರ್ಕಾರಕ್ಕೂ ಸಹಜವಾದ ಎಚ್ಚರಿಕೆ. ದೊರೆ ಹುಟ್ಟಿನಿಂದ ಬ್ರಿಟಿಷನಾದ್ದರಿಂದ ಆ ನಿಯಮ ಅವನಿಗೆ ಅನ್ವಯಿಸುತ್ತಲೂ ಇರಲಿಲ್ಲ. ಆದರೂ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಮನಸ್ಸಿಗೆ ಕಸಿವಿಸಿಯಾಗದಿರದು. ಒಂದೇ ಅನುಮಾನದ ಬಿಸಿ ಇಬ್ಬರಿಗೂ ತಟ್ಟಿತ್ತು. ಒಬ್ಬನಿಗೆ ಅದರಿಂದ ಪಾರಾಗಲು ಒಂದು ರುಜು ಸಾಕಾಯಿತು. ಇನ್ನೊಬ್ಬನಿಗೆ, ಪಾರಾಗುವ ಪ್ರಯತ್ನವೇ ಅಪರಾಧವಾಯಿತು.

ಹೆಸರು ಬದಲಿಸಿದ ಮಾತ್ರಕ್ಕೆ ಅರಸರೆಲ್ಲ ಉಳಿದುಕೊಂಡರೆಂದೂ ಅಲ್ಲ. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ ದೊರೆಯ ದಾಯಾದಿಯೇ ಆದ ಓರ್ಲಿಯನ್ಸಿನ ಡ್ಯೂಕ್ ಫಿಲಿಪ್ 1792ರಲ್ಲಿ ತನ್ನ ಹೆಸರನ್ನು ‘ಸಮಾನತೆ’ ಎಂಬ ಅರ್ಥದ ಎಗಾಲಿತೆ ಎಂದು ಬದಲಿಸಿಕೊಂಡ. ದೊರೆ ಹದಿನಾರನೇ ಲೂಯಿಯ ಮರಣದಂಡನೆಯ ಪರವಾಗಿ ಮತವನ್ನೂ ಚಲಾಯಿಸಿದ. ಮರುವರ್ಷ ನವೆಂಬರಿನಲ್ಲಿ ಅವನ ತಲೆಯೂ ಅದೇ ಗಿಲೊಟಿನ್ನಿಗೆ ಹೋಯಿತು. ಜಾರ್ಜ್‌ನ ಹೆಸರು ಬದಲಾವಣೆ ಫಲ ಕೊಟ್ಟಿದ್ದಕ್ಕೆ ಕಾರಣ, ಅದರ ಹಿಂದೆ ಬೇರೆ ಬದಲಾವಣೆಗಳೂ ಇದ್ದವು. ಅಧಿಕಾರ ಬಹುಮಟ್ಟಿಗೆ ಆಗಲೇ ಪಾರ್ಲಿಮೆಂಟಿನ ಕೈಗೆ ಹೋಗಿತ್ತು. ರಾಜಕುಮಾರ ಎಂಬ ಬಿರುದನ್ನು ಹತ್ತಿರದ ಸಂತತಿಗೆ ಮಾತ್ರ ಸೀಮಿತಗೊಳಿಸುವ ಆದೇಶವೂ ಅದೇ ವರ್ಷದ ಕೊನೆಯಲ್ಲಿ ಹೊರಟಿತು. ಯುದ್ಧ ಮುಗಿಯುವ ವೇಳೆಗೆ ರಷ್ಯ, ಜರ್ಮನಿ, ಆಸ್ಟ್ರಿಯಗಳ ಮೂರೂ ಸಿಂಹಾಸನಗಳು ಉರುಳಿದ್ದವು. ವಿಂಡ್ಸರ್ ಉಳಿಯಿತು.

ಉರುಳಿದ ಆ ಮೂರರಲ್ಲಿ ಎರಡು ಮನೆತನಗಳು ಹೆಸರಿನ ವಿಷಯದಲ್ಲಿ ತದ್ವಿರುದ್ಧ ಜಾಣತನ ತೋರಿದ್ದವು. ಆಸ್ಟ್ರಿಯದ ಹ್ಯಾಬ್ಸ್‌ಬರ್ಗ್ ವಂಶದ ಗಂಡುಸಂತತಿ 1740ರಲ್ಲಿ ಆರನೇ ಚಾರ್ಲ್ಸ್‌ನೊಂದಿಗೆ ಮುಗಿಯಿತು. ಮಗಳು ಮರಿಯ ಥೆರೇಸಳ ಗಂಡ ಲೊರೇನಿನವನು. ಬ್ರಿಟನ್ನಿನ ಲೆಕ್ಕಾಚಾರದಂತಾದರೆ ವಂಶದ ಹೆಸರು ಲೊರೇನ್ ಆಗಬೇಕಿತ್ತು, ಆಗಿದ್ದು ಹ್ಯಾಬ್ಸ್‌ಬರ್ಗ್-ಲೊರೇನ್. ಹೆಂಡತಿಯ ಮನೆತನ ಮುಂದೆ, ಗಂಡನದು ಹಿಂದೆ. ರಷ್ಯದಲ್ಲಿ 1762ರಲ್ಲಿ ಪಟ್ಟಕ್ಕೆ ಬಂದ ಮೂರನೇ ಪೀಟರ್ ತಂದೆಯ ಕಡೆಯಿಂದ ಜರ್ಮನಿಯ ಹೋಲ್‌ಸ್ಟೈನ್-ಗೊಟ್ಟೊರ್ಪ್ ಮನೆತನದವನು. ಆದರೂ 1917ರವರೆಗೆ ಆಳಿದವರು ರೊಮನೋವರೆಂದೇ ಜಗತ್ತು ತಿಳಿಯಿತು. ವಾರಸುದಾರಿಕೆಯೇ ಪ್ರಶ್ನೆಯಾದಾಗ ಹಳೆಯ ಹೆಸರನ್ನು ಬಿಡಬಾರದು, ದೇಶನಿಷ್ಠೆಯೇ ಪ್ರಶ್ನೆಯಾದಾಗ ಹಳೆಯ ಹೆಸರನ್ನು ಇಟ್ಟುಕೊಳ್ಳಬಾರದು ಎಂಬುದು ಇವುಗಳ ಒಟ್ಟು ಪಾಠವೆನ್ನಬಹುದು. ಇದಕ್ಕೊಂದು ಸೊಗಸಾದ ಅಪವಾದವೂ ಇದೆ. ಬ್ರಿಟನ್ ಬೇಡವೆಂದು ಬಿಟ್ಟ ಸ್ಯಾಕ್ಸ್-ಕೋಬರ್ಗ್-ಗೋಥಾ ಹೆಸರನ್ನೇ ಹೊತ್ತ ಬಲ್ಗೇರಿಯದ ಮಾಜಿ ಬಾಲದೊರೆ ಸಿಮೆಯೊನ್, ದೀರ್ಘಕಾಲದ ದೇಶಭ್ರಷ್ಟತೆಯ ನಂತರ ಮರಳಿ ಬಂದು, ಚುನಾವಣೆ ಗೆದ್ದು 2001ರಿಂದ 2005ರವರೆಗೆ ಅಲ್ಲಿನ ಪ್ರಧಾನಿಯಾಗಿದ್ದರು.

ಹೆಣ್ಣಿನ ಮೂಲಕ ವಂಶ ಮುಂದುವರಿಯುವಾಗ ಹೆಸರು ಯಾರದ್ದೆಂಬ ಪ್ರಶ್ನೆ ಬ್ರಿಟನ್ನಿಗೂ ಮತ್ತೊಮ್ಮೆ ಎದುರಾಯಿತು. ಗ್ರೀಸಿನ ರಾಜಕುಮಾರ ಫಿಲಿಪ್ 1947ರಲ್ಲಿ ಬ್ರಿಟಿಷ್ ಪ್ರಜೆಯಾಗುವಾಗ ತಂದೆಯ ಕಡೆಯ ಉದ್ದನೆಯ ಜರ್ಮನ್-ಡೇನಿಷ್ ವಂಶನಾಮವನ್ನು ಬಿಟ್ಟು, ತಾಯಿಯ ತವರಿನ ಮೌಂಟ್‌ಬ್ಯಾಟನ್ ಎಂಬ ಹೆಸರನ್ನು ಸ್ವೀಕರಿಸಿದ. ಅವನ ಪತ್ನಿ ಎರಡನೇ ಎಲಿಜಬೆತ್ 1952ರಲ್ಲಿ ರಾಣಿಯಾದ ಕೂಡಲೇ, ಇನ್ನು ಆಳುವುದು ಮೌಂಟ್‌ಬ್ಯಾಟನ್ ವಂಶ ಎಂದು ನಮ್ಮ ಮಾಜಿ ವೈಸ್‌ರಾಯ್ ಹೆಮ್ಮೆಪಟ್ಟುಕೊಂಡ ಸುದ್ದಿ ಹಿರಿಯ ರಾಣಿ ಮೇರಿಯ ಕಿವಿಗೆ ಬಿತ್ತು. ಅಲ್ಲಿಂದ ಪ್ರಧಾನಿ ಚರ್ಚಿಲ್‌ಗೆ ಹೋಯಿತು. ಸಚಿವ ಸಂಪುಟ ಒಪ್ಪಲಿಲ್ಲ. ತಾನೂ ತನ್ನ ಮಕ್ಕಳೂ ವಿಂಡ್ಸರ್ ಮನೆತನದವರೇ ಎಂದು ರಾಣಿ ಏಪ್ರಿಲ್ 9ರಂದು ಘೋಷಿಸಿದಳು. ಸ್ವಂತ ಮಕ್ಕಳಿಗೆ ತನ್ನ ಹೆಸರು ಕೊಡಲಾಗದ ಗಂಡಸು ಈ ದೇಶದಲ್ಲಿ ತಾನೊಬ್ಬನೇ ಎಂದು ಫಿಲಿಪ್ ನೊಂದು ಹೇಳಿದನೆಂಬುದು ಪ್ರಸಿದ್ಧ. ವಿಕ್ಟೋರಿಯಳ ಮನೆತನದ ಹೆಸರು ಅವಳ ಮಗನಿಗೇ ಬಾರದೆ ಹೋದಾಗ ಯಾರೂ ಇಷ್ಟು ನೊಂದಂತೆ ಕಾಣುವುದಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು.

ರಾಜಿಯಾಗಿದ್ದು 1960ರ ಫೆಬ್ರವರಿ 8ರಂದು. ರಾಜಕುಮಾರ ಎಂಬ ಬಿರುದಿಲ್ಲದ ಮುಂದಿನ ಸಂತತಿಗೆ ಮೌಂಟ್‌ಬ್ಯಾಟನ್-ವಿಂಡ್ಸರ್ ಎಂಬ ಜೋಡಿಹೆಸರು ಇರತಕ್ಕದ್ದೆಂದು ರಾಣಿ ಘೋಷಿಸಿದಳು. ಹನ್ನೊಂದು ದಿನಗಳ ನಂತರ, ಫೆಬ್ರವರಿ 19ರಂದು, ಅವಳಿಗೆ ಗಂಡುಮಗು ಹುಟ್ಟಿತು. ಆ ಮಗುವೇ ಆಂಡ್ರ್ಯೂ. ರಾಜಕುಮಾರನಾಗಿಯೇ ಹುಟ್ಟಿದ ಅವರಿಗೆ ಆ ಹೆಸರಿನ ಅಗತ್ಯ ಬೀಳುವುದೆಂದು ಅಂದು ಯಾರೂ ಎಣಿಸಿರಲಾರರು. ಅರವತ್ತೈದು ವರ್ಷಗಳ ಮೇಲೆ, ಬಿರುದು ಹೋದ ದಿನ, ಕಪಾಟಿನಲ್ಲಿ ಸಿದ್ಧವಾಗಿದ್ದ ಆ ಹೆಸರೇ ಅವರ ಪಾಲಿಗೆ ಬಂದಿತು.

ನಮ್ಮ ನೆಲಕ್ಕೂ ಈ ವಿದ್ಯೆ ಹೊಸದಲ್ಲ. ತಾಳಗುಂದದ ಶಾಸನ ಕದಂಬ ರಾಜ್ಯವನ್ನು ಕಟ್ಟಿದವನನ್ನು ಮಯೂರಶರ್ಮ ಎಂದು ಕರೆಯುತ್ತದೆ. ವೇದಾಧ್ಯಯನಕ್ಕೆಂದು ಕಂಚಿಗೆ ಹೋಗಿ, ಅವಮಾನಿತನಾಗಿ, ಕತ್ತಿ ಹಿಡಿದವನು ಅವನು. ಆದರೆ ಅವನ ಮಗನಿಂದ ಮುಂದೆ ಅರಸರೆಲ್ಲರೂ ವರ್ಮರು. ಅಧ್ಯಯನದ ಕುಲ ಆಳುವ ಕುಲವಾದದ್ದನ್ನು ಹೆಸರಿನ ಕೊನೆಯ ಎರಡಕ್ಷರ ದಾಖಲಿಸುತ್ತದೆ.

ಮೈಸೂರಿನ ಕಥೆಯಾದರೋ ವಿಂಡ್ಸರಿನ ತಲೆಕೆಳಗಾದ ರೂಪ. ಅಲ್ಲಿ ವ್ಯಕ್ತಿಗಳು ಅವರೇ ಇದ್ದು ಹೆಸರು ಬದಲಾಯಿತು. ಇಲ್ಲಿ ಒಡೆಯರ್ ಎಂಬ ಹೆಸರು ಹಾಗೆಯೇ ಇದ್ದು ವ್ಯಕ್ತಿಗಳು ಬದಲಾದರು. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಬೆಟ್ಟದಕೋಟೆ ಅರಸು ಮನೆತನದ ಪುಟ್ಟ ಬಾಲಕನನ್ನು ದತ್ತು ಪಡೆದಾಗ ಅದು ಕೇವಲ ಮನೆಯೊಳಗಿನ ವಿಧಿಯಾಗಿರಲಿಲ್ಲ. ದತ್ತುಪುತ್ರರ ಹಕ್ಕನ್ನು ಒಪ್ಪದೆ ಸತಾರಾ, ಝಾನ್ಸಿಗಳನ್ನು ಬ್ರಿಟಿಷರು ನುಂಗಿದ ನೆನಪು ಇನ್ನೂ ಹಸಿಯಾಗಿತ್ತು. ಆ ಬಾಲಕ ಒಡೆಯರ್ ಹೌದೋ ಅಲ್ಲವೋ ಎಂಬುದರ ಮೇಲೆ ಒಂದು ರಾಜ್ಯದ ಅಸ್ತಿತ್ವ ನಿಂತಿತ್ತು. ಬ್ರಿಟಿಷರು ಕೊನೆಗೂ ಒಪ್ಪಿದರು. 1881ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿತು. 2013ರಲ್ಲಿ ಶ್ರೀಕಂಠದತ್ತ ನರಸಿಂಹರಾಜ ಒಡೆಯರು ಮಕ್ಕಳಿಲ್ಲದೆ ನಿಧನರಾದ ಮೇಲೆ, 2015ರಲ್ಲಿ ಪ್ರಮೋದಾದೇವಿ ಒಡೆಯರ್ ಅವರು ಯದುವೀರ ಗೋಪಾಲರಾಜ ಅರಸ್ ಅವರನ್ನು ದತ್ತು ಪಡೆದರು. ಜಯಚಾಮರಾಜ ಒಡೆಯರ ಮಗಳ ಮಗಳ ಮಗ ಅವರು. ಹೆಣ್ಣಿನ ಕಡೆಯಿಂದ ಎರಡು ತಲೆಮಾರು ಹಾದುಬಂದ ರಕ್ತಕ್ಕೆ ದತ್ತಕದ ಮೂಲಕ ಯದುವೀರ ಕೃಷ್ಣದತ್ತ ಚಾಮರಾಜ ಒಡೆಯರ್ ಎಂಬ ಹೆಸರು ಬಂತು. 2024ರ ಲೋಕಸಭಾ ಚುನಾವಣೆಯಲ್ಲಿ ಅದೇ ಹೆಸರು ಮತಯಂತ್ರದ ಮೇಲೆ ಕಾಣಿಸಿಕೊಂಡಿತು, ಅವರು ಗೆದ್ದರು. ರಾಜಧನವನ್ನೂ ರಾಜಮಾನ್ಯತೆಯನ್ನೂ 1971ರ ಸಂವಿಧಾನ ತಿದ್ದುಪಡಿ ತೆಗೆದುಹಾಕಿದ್ದ ಮೇಲೂ ಹೆಸರಿಗಿದ್ದ ಬೆಲೆಯನ್ನು ಅದು ತೆಗೆದುಹಾಕಲಾರದಾಗಿತ್ತು.

ಸರ್ಕಾರಿ ಸೇವೆಯಲ್ಲಿದ್ದಷ್ಟು ಕಾಲವೂ ಹೆಸರು ಬದಲಾವಣೆಯ ಅರ್ಜಿಗಳನ್ನು ನಾನು ಕಂಡಿದ್ದೇನೆ. ಛಾಪಾ ಕಾಗದದ ಮೇಲೆ ಪ್ರಮಾಣಪತ್ರ, ಪತ್ರಿಕೆಯಲ್ಲಿ ಪ್ರಕಟಣೆ, ಶಾಲಾ ದಾಖಲೆ, ಕಚೇರಿಯಿಂದ ಕಚೇರಿಗೆ ಅಲೆದಾಟ. ಜಾತಿ ಸೂಚಿಸುವ ಹೆಸರನ್ನು ಕಳಚಿಕೊಳ್ಳಬಯಸಿದವರಿದ್ದರು; ಗಂಡನ ಹೆಸರನ್ನು ಬಿಟ್ಟು ತಂದೆಯ ಹೆಸರಿಗೆ ಮರಳಬಯಸಿದ ಹೆಣ್ಣುಮಕ್ಕಳಿದ್ದರು. ಕಾರಣ ಕೇಳುವ ಅಂಕಣದಲ್ಲಿ ಬಹುತೇಕರು ‘ವೈಯಕ್ತಿಕ’ ಎಂದಷ್ಟೇ ಬರೆಯುತ್ತಿದ್ದರು. ಐದನೇ ಜಾರ್ಜ್‌ನ ಕಾರಣವೂ ಮೂಲತಃ ಇವರದಕ್ಕಿಂತ ಭಿನ್ನವಲ್ಲ: ಹೆಸರು ನೋಡಿ ತನ್ನನ್ನು ಅಳೆಯಬೇಡಿ ಎಂಬ ಬಿನ್ನಹ. ವ್ಯತ್ಯಾಸವಿಷ್ಟೆ, ಅವನ ಅರ್ಜಿದಾರನೂ ಅವನೇ, ಮಂಜೂರು ಮಾಡುವ ಪ್ರಾಧಿಕಾರವೂ ಅವನೇ.

ಆದ್ದರಿಂದ ವಿಂಡ್ಸರ್ ಎಂಬ ಹೆಸರನ್ನು ಸುಳ್ಳು ಹೆಸರೆಂದು ಹೀಗಳೆಯಲು ನನಗೆ ಮನಸ್ಸಿಲ್ಲ. ಪ್ರಜೆಗಳು ತನ್ನನ್ನು ಏನೆಂದು ಕರೆಯುತ್ತಾರೆ ಎಂಬುದಕ್ಕೆ ಚಕ್ರವರ್ತಿಯೊಬ್ಬ ತಲೆಕೆಡಿಸಿಕೊಂಡದ್ದು ಪ್ರಜಾಸತ್ತೆಯ ದೃಷ್ಟಿಯಿಂದ ಒಳ್ಳೆಯ ಸೂಚನೆಯೇ. ಆಕ್ಷೇಪ ಇರುವುದು ಆ ಸವಲತ್ತು ಅರಮನೆಯ ಗೋಡೆಯೊಳಗೇ ಉಳಿದದ್ದಕ್ಕೆ. ಹೆಸರಿನಿಂದ ನಿಷ್ಠೆಯನ್ನು ಅಳೆಯುವ ಚಟ ಆ ಯುದ್ಧದೊಂದಿಗೆ ಮುಗಿದಿಲ್ಲ. ಬಾಡಿಗೆಗೆ ಮನೆ ಹುಡುಕುವವರೂ ಕೆಲಸಕ್ಕೆ ಅರ್ಜಿ ಹಾಕುವವರೂ ಅದರ ರುಚಿಯನ್ನು ನಮ್ಮ ನಗರಗಳಲ್ಲಿಯೂ ಕಾಣುತ್ತಿದ್ದಾರೆ. ರಾಜವಂಶಗಳ ಹೆಸರುಗಳೇ ಇಷ್ಟು ಸುಲಭವಾಗಿ ಬದಲಾಗುವಂಥವು, ಕಾರ್ಯದರ್ಶಿಯೊಬ್ಬನ ಟಿಪ್ಪಣಿಯಿಂದ ಹುಟ್ಟುವಂಥವು ಎಂದಾದ ಮೇಲೆ, ಸಾಮಾನ್ಯ ಮನುಷ್ಯನೊಬ್ಬನ ಹೆಸರಿನಲ್ಲಿ ಅವನ ಇಡೀ ಚರಿತ್ರೆಯನ್ನು ಓದಲು ಹೊರಡುವ ಮುನ್ನ ನಾವು ಸ್ವಲ್ಪ ತಡೆದು ಯೋಚಿಸುವುದು ಒಳ್ಳೆಯದು.